ಗೋಡೆಯಾಚೆಯ ಬಸ್ ಸ್ಟಾಪು

ಪತ್ರ: ಬೆಂಗಳೂರಿನ ಹೊರವಲಯದ ಬಡಾವಣೆ ನಮ್ಮದು. ಮಹಡಿಯಿಂದ ನೋಡಿದರೆ ಬಸ್ ಸ್ಟಾಪು ಕಾಣುತ್ತದೆ. ನೇರಕ್ಕೆ 350 ಮೀಟರ್, ಕಾಂಪೌಂಡ್ ಸುತ್ತಿ ಹೋದರೆ 1.4 ಕಿ.ಮೀ. ಹಾಲು ತರುವುದಕ್ಕೂ ಎಲ್ಲರೂ ಸ್ಕೂಟರ್ ತೆಗೆಯುತ್ತಾರೆ. ಜನ ಇಷ್ಟು ಸೋಮಾರಿಗಳಾದದ್ದು ಏಕೆ?

ಉತ್ತರ: ತಾವು ಕೊಟ್ಟ ಎರಡು ಅಳತೆಗಳಲ್ಲೇ ಕಾರಣ ಇದೆ. ಸಾಧಾರಣ ನಡಿಗೆ ನಿಮಿಷಕ್ಕೆ ಸುಮಾರು 80 ಮೀಟರ್. ಐದು ನಿಮಿಷದೊಳಗಿನ ದಾರಿಯನ್ನು ಆ ಗೋಡೆ ಹದಿನೇಳು ನಿಮಿಷ ಮಾಡಿದೆ. ಕೆಲಸಕ್ಕೆ ಹೊರಟವರು ಸ್ಕೂಟರ್ ಹತ್ತಿದರೆ ಅದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸಿಲ್ಲ.

ಮಲ್ಲೇಶ್ವರದಲ್ಲಿ ಮೇನ್, ಕ್ರಾಸ್‌ಗಳು ಒಂದನ್ನೊಂದು ಕತ್ತರಿಸುತ್ತವೆ. ಚೌಕುಳಿ ಬೀದಿಗಳಲ್ಲಿ ಸುತ್ತು ಎಷ್ಟೇ ಬಿದ್ದರೂ ನೇರ ದೂರದ ಸುಮಾರು 1.4 ಪಟ್ಟು, ತಮ್ಮಲ್ಲಿ ಅದು ನಾಲ್ಕು ಪಟ್ಟು. ಜೊತೆಗೆ ಅಲ್ಲಿ ತರಕಾರಿ, ಹೂವು, ಔಷಧಿ ಎಲ್ಲ ದಾರಿಯಲ್ಲೇ ಸಿಗುವುದರಿಂದ ಒಂದು ಸಲ ಹೊರಟರೆ ಮೂರು ಕೆಲಸ ಮುಗಿಯುತ್ತದೆ.

ಹಾಗಾಗಿ ಮೊದಲು ಕೇಳಬೇಕಾದದ್ದು ಗ್ರಾನೈಟ್ ಫುಟ್‌ಪಾತ್ ಅಲ್ಲ, ಗೋಡೆಯಲ್ಲಿ ಒಂದು ಕಿಂಡಿ. ಬಡಾವಣೆಯ ರಸ್ತೆಗಳನ್ನು ಯೋಜನಾ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ರಿಲಿಂಕ್ವಿಶ್‌ಮೆಂಟ್ ಡೀಡ್ ಇದ್ದರೆ ಅವು ಸಾರ್ವಜನಿಕ ರಸ್ತೆಗಳು. ಅನುಮೋದಿತ ನಕ್ಷೆಯ ಪ್ರತಿ ತೆಗೆಸಿ, ಆ ರಸ್ತೆ ಗೋಡೆಯ ತನಕ ಹೋಗಿದೆಯೇ ನೋಡಿ. ಕಿಂಡಿಯಲ್ಲಿ ಬೈಕ್ ನುಗ್ಗೀತೆಂದು ತಿರುಗುಗೇಟು ಹಾಕಿಸಬೇಡಿ. ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ದಾಟಲಾರವು. ಬದಲಿಗೆ ಗಿಡ್ಡ ಕಂಬ ನೆಡಿಸಿ, ಅವುಗಳ ನಡುವೆ ಕನಿಷ್ಠ 90 ಸೆಂ.ಮೀ. ಜಾಗ ಬಿಡಿಸಿ, ದೀಪ ಹಾಕಿಸಿ. ಕತ್ತಲಾದರೆ ಹೆಣ್ಣುಮಕ್ಕಳು ಮತ್ತೆ ಸುತ್ತುದಾರಿಯನ್ನೇ ಹಿಡಿಯುತ್ತಾರೆ.

ಆಮೇಲೆ ಫುಟ್‌ಪಾತ್. ನಮ್ಮಲ್ಲಿ ಬಹುಪಾಲು ಅದು ಚರಂಡಿಯ ಮೇಲಿನ ಚಪ್ಪಡಿಯೇ. ಹೂಳೆತ್ತಲು ತೆಗೆದ ಚಪ್ಪಡಿ ಓರೆಯಾಗಿ ಕೂರುತ್ತದೆ, ತುಳಿದರೆ ಅಲುಗುತ್ತದೆ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಕನಿಷ್ಠ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಕೇಳುತ್ತದೆ. ಕಲ್ಲಂಚಿನ ಎತ್ತರ 150 ಮಿ.ಮೀ. ಮೀರಬಾರದು. ಟೇಪು ಹಿಡಿದು ಅಳೆಯುವಾಗ ಟ್ರಾನ್ಸ್‌ಫಾರ್ಮರ್, ಮರ, ಕಂಬಗಳನ್ನು ಕಳೆದು ಉಳಿಯುವ ಅಗಲವನ್ನೇ ಬರೆದುಕೊಳ್ಳಿ. ಅಂಚು 300 ಮಿ.ಮೀ. ಎತ್ತರ ಇದ್ದಲ್ಲಿ ಪ್ರತಿ ಮನೆಯವರೂ ಗೇಟಿನ ಮುಂದೆ ಕಾರಿಗಾಗಿ ಫುಟ್‌ಪಾತ್ ಕಡಿದು ಇಳಿಜಾರು ಮಾಡಿಕೊಳ್ಳುತ್ತಾರೆ. ಗೇಟಿಗೊಮ್ಮೆ ಹತ್ತಿ ಇಳಿದು ಮಂಡಿ ಸೋತವರು ರಸ್ತೆಗೇ ಇಳಿಯುತ್ತಾರೆ. ಅಂಚು ತಗ್ಗಿಸಿ, ಗೇಟುಗಳ ಮುಂದೆಯೂ ಫುಟ್‌ಪಾತನ್ನು ಒಂದೇ ಮಟ್ಟದಲ್ಲಿ ಒಯ್ದು, ಇಳಿಜಾರನ್ನು ರಸ್ತೆಯಂಚಿನ ಪಟ್ಟಿಗಷ್ಟೇ ಸೀಮಿತಗೊಳಿಸಬೇಕು.

ಸ್ಟಾಪು ಮುಖ್ಯರಸ್ತೆಯ ಆಚೆ ಬದಿಯಲ್ಲಿದ್ದರೆ ಸಿಗ್ನಲ್ಲನ್ನೂ ಗಮನಿಸಿ. 15 ಮೀಟರ್ ರಸ್ತೆ ದಾಟಲು ಗಟ್ಟಿಮುಟ್ಟಾದವರಿಗೆ ಹನ್ನೆರಡು-ಹದಿಮೂರು ಸೆಕೆಂಡ್ ಸಾಕು, ನಿಧಾನ ನಡೆಯುವ ಹಿರಿಯರಿಗೆ ಹತ್ತೊಂಬತ್ತು ಬೇಕು. ಅರ್ಜಿಯಲ್ಲಿ ಹತ್ತೊಂಬತ್ತನ್ನೇ ಕೇಳಿ.