ಬೈಬಲ್ ಗೊತ್ತೇ ಇಲ್ಲದವರಿಗೆ ಅಧ್ಯಯನ ಪುಸ್ತಿಕೆ ಬರೆಯುವುದು ಹೇಗೆ?

ನಿಮ್ಮ ಸಭೆಗೆ ಹೊಸದಾಗಿ ಬರುತ್ತಿರುವವರಿಗೆ ಒಂದು ಅಧ್ಯಯನ ಪುಸ್ತಿಕೆ ಬರೆದುಕೊಡಿ ಎಂದು ಪಾಸ್ಟರ್ ಹೇಳಿದ್ದಾರೆ, ಅವರಲ್ಲಿ ಹೆಚ್ಚಿನವರು ಬೈಬಲ್ ಕೈಯಲ್ಲಿ ಹಿಡಿದದ್ದೇ ಈಗ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಮ್ಮ ಸಭೆಯಲ್ಲಿ ಹೊಸಬರ ಗುಂಪಿಗೆ ಪಾಠ ಬರೆಯುವ ಕೆಲಸ ನನ್ನ ಪಾಲಿಗಿದೆ. ನಾನು ಬಿಡದೆ ಹಿಡಿದುಕೊಂಡಿರುವುದು ಒಂದೇ ನಿಯಮ. ನೀವು ಕೇಳುವ ಪ್ರತಿ ಪ್ರಶ್ನೆಗೂ ಉತ್ತರ ಅವರ ಕಣ್ಣೆದುರಿಗಿರುವ ಆ ಹತ್ತು ಹನ್ನೆರಡು ವಚನಗಳಲ್ಲೇ ಸಿಗಬೇಕು.

ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಬೇಡಿ. ಎರಡನೇ ಪುಸ್ತಕ ವಿಮೋಚನಕಾಂಡದ ಅರ್ಧದವರೆಗೆ ಕಥೆ ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ. ಆಮೇಲೆ ಆರಾಧನೆಯ ಗುಡಾರದ ಅಳತೆ, ಬಲಿಗಳ ನಿಯಮ ಬರುತ್ತವೆ. ಹೊಸಬರು ಮೂರನೇ ಪುಸ್ತಕ ಯಾಜಕಕಾಂಡ ದಾಟುವುದು ಕಷ್ಟ. ಯೇಸುವಿನ ಜೀವನ ಹೇಳುವ ಸುವಾರ್ತೆಗಳಲ್ಲಿ ಮೊದಲನೆಯದಾದ ಮತ್ತಾಯನ ಸುವಾರ್ತೆ ತೆರೆದರೆ ಮೊದಲ 17 ವಚನ ವಂಶಾವಳಿ. ಮಾರ್ಕನ ಸುವಾರ್ತೆ ತೆಗೆದುಕೊಳ್ಳಿ. ಬರೀ 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಇನ್ನೊಂದು ಕಾರಣವೂ ಇದೆ. 7ನೇ ಅಧ್ಯಾಯದ 3 ಮತ್ತು 4ನೇ ವಚನ ನೋಡಿ. ಯೆಹೂದ್ಯರು ಕೈ ತೊಳೆಯದೆ ಊಟ ಮಾಡುವುದಿಲ್ಲ, ಪಾತ್ರೆಗಳನ್ನೂ ತೊಳೆಯುತ್ತಾರೆ ಎಂದು ಮಾರ್ಕ ಕಥೆಯನ್ನು ನಿಲ್ಲಿಸಿ ವಿವರಿಸುತ್ತಾನೆ. ಆ ಪದ್ಧತಿ ಗೊತ್ತಿಲ್ಲದ ಓದುಗರು ಅವನ ಮನಸ್ಸಿನಲ್ಲಿದ್ದರು. ಎರಡು ವಚನದಲ್ಲಿ ಹೇಳಿ ಮುಗಿಸಿ ಮತ್ತೆ ಕಥೆಗೆ ಬರುತ್ತಾನೆ. ನಿಮ್ಮ ಹಿನ್ನೆಲೆ ಟಿಪ್ಪಣಿಗಳೂ ಅಷ್ಟೇ ಉದ್ದ ಇರಲಿ.

ಈಗ ಒಂದು ಪಾಠ ಬರೆದೇ ನೋಡೋಣ. ಮಾರ್ಕ 2:1-12, ಪಾರ್ಶ್ವವಾಯು ರೋಗಿಯನ್ನು ಛಾವಣಿಯಿಂದ ಇಳಿಸಿದ ಕಥೆ. (2:1-12 ಅಂದರೆ ಎರಡನೇ ಅಧ್ಯಾಯ, ಒಂದರಿಂದ ಹನ್ನೆರಡನೇ ವಚನ ಎಂದು ಮೊದಲ ಪುಟದಲ್ಲೇ ಬರೆಯಿರಿ. ನಮಗೆ ರೂಢಿಯಾಗಿಬಿಟ್ಟಿದೆ, ಹೊಸಬರಿಗೆ ಅದು ಲೆಕ್ಕದ ಹಾಗೆ ಕಾಣುತ್ತದೆ.) ಮೊದಲು ಕಣ್ಣಿಗೆ ಕಾಣುವುದನ್ನು ಕೇಳಿ. ರೋಗಿಯನ್ನು ಎಷ್ಟು ಜನ ಹೊತ್ತು ತಂದರು? ಬಾಗಿಲಿನಿಂದ ಒಳಗೆ ಬರಲು ಯಾಕೆ ಆಗಲಿಲ್ಲ? ಇಷ್ಟು ಸುಲಭದ ಪ್ರಶ್ನೆ ಯಾಕೆ ಅನ್ನಿಸಬಹುದು. ಆದರೆ ಗುಂಪಿನಲ್ಲಿ ಬಾಯಿ ತೆರೆಯಲು ಹೆದರುವವರು ಮೊದಲು ಮಾತಾಡುವುದು ಇಲ್ಲೇ. "ನಾಲ್ಕು ಜನ" ಎಂದು ಧೈರ್ಯವಾಗಿ ಹೇಳಿದವರು ಮುಂದಿನ ಪ್ರಶ್ನೆಗೂ ಬಾಯಿ ಬಿಡುತ್ತಾರೆ.

ಇಲ್ಲಿ ಛಾವಣಿಯ ಬಗ್ಗೆ ಒಂದು ಸಣ್ಣ ಟಿಪ್ಪಣಿ ಬೇಕು. ಯೇಸು ಓಡಾಡಿದ ಗಲಿಲಾಯ ಸೀಮೆಯ ಸಾಮಾನ್ಯ ಮನೆಗಳಿಗೆ ಸಪಾಟು ಛಾವಣಿ ಇರುತ್ತಿತ್ತು. ತೊಲೆಗಳ ಮೇಲೆ ಕೊಂಬೆ ಹಾಸಿ ಮಣ್ಣು ಮೆತ್ತುತ್ತಿದ್ದರು. ಹತ್ತಲು ಹೊರಗಿನಿಂದ ಮೆಟ್ಟಿಲು. ಬಾಗಲಕೋಟೆ, ವಿಜಯಪುರದ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕರಾವಳಿಯವರು ಇಳಿಜಾರಾದ ಹೆಂಚಿನ ಮನೆ ಕಲ್ಪಿಸಿಕೊಂಡು, ಅದರ ಮೇಲೆ ಹೇಗೆ ನಿಂತರು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಲೂಕ 5:19ರಲ್ಲಿ ಹೆಂಚು ಎಂದೇ ಇದೆ, ಆದರೆ ಆ ಚರ್ಚೆ ಈ ಪಾಠಕ್ಕೆ ಬೇಡ. ಮನೆಯೊಳಗೆ ಕೂತವರ ತಲೆ ಮೇಲೆ ಮಣ್ಣು ಉದುರುತ್ತಿತ್ತು ಅನ್ನುವುದು ಓದುವವರ ಕಣ್ಣಿಗೆ ಬಂದರೆ ಸಾಕು.

ಆಮೇಲೆ 5ನೇ ವಚನಕ್ಕೆ ಬನ್ನಿ. ಅಷ್ಟೆಲ್ಲ ಕಷ್ಟಪಟ್ಟು ಇಳಿಸಿದವರು ಯೇಸುವಿನ ಬಾಯಿಂದ ಯಾವ ಮಾತು ಬರುತ್ತದೆ ಎಂದು ಕಾದಿದ್ದಿರಬಹುದು? ಆತನು ಮೊದಲು ಹೇಳಿದ್ದೇನು? ಗುಂಪು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಎದ್ದು ನಡೆ ಅನ್ನಲಿಲ್ಲ, ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಅಂದನು. ಮುಂದಿನ ಪ್ರಶ್ನೆ: ಅಲ್ಲಿದ್ದ ಶಾಸ್ತ್ರಿಗಳಿಗೆ, ಅಂದರೆ ಯೆಹೂದ್ಯರ ಧರ್ಮಶಾಸ್ತ್ರ ಬಲ್ಲವರಿಗೆ, ಯಾವ ಮಾತು ಸಹಿಸಲಾಗಲಿಲ್ಲ, ಯಾಕೆ? ಉತ್ತರ 7ನೇ ವಚನದಲ್ಲಿದೆ. ದೇವರೊಬ್ಬನೇ ಹೊರತು ಪಾಪ ಕ್ಷಮಿಸುವವರು ಯಾರು ಎಂದು ಅವರೇ ಯೋಚಿಸುತ್ತಾರೆ. ಯೇಸುವಿನ ದೈವತ್ವದ ಬಗ್ಗೆ ನೀವು ಒಂದು ಪುಟ ಬರೆಯಬೇಕಿಲ್ಲ, ಅಲ್ವಾ? ಈ ಮನುಷ್ಯ ಯಾರು ಅನ್ನುವ ಪ್ರಶ್ನೆಯನ್ನು ಓದುವವರೇ ಕೇಳುತ್ತಾರೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಡುವ ಗಳಿಗೆ ಅದು.

"ಯೇಸು ನಮ್ಮನ್ನು ಪ್ರೀತಿಸುತ್ತಾನೆಯೇ?" ಎಂಬಂಥ ಪ್ರಶ್ನೆ ಹಾಕಬೇಡಿ. ಎಲ್ಲರೂ ಹೌದು ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ನಿಮ್ಮ ಜೀವನದ ಪಾಪ ಯಾವುದು?" ಅನ್ನುವುದಂತೂ ಬೇಡವೇ ಬೇಡ. ಪರಿಚಯವಾಗಿ ಎರಡು ವಾರ ಆಗಿರುವವರ ಎದುರು ಯಾರು ಬಾಯಿ ಬಿಡುತ್ತಾರೆ? ಅದೇ ರೀತಿ ಯೆಶಾಯ ತೆಗೆಯಿರಿ, ಇಬ್ರಿಯರಿಗೆ ಬರೆದ ಪತ್ರಿಕೆ ತೆಗೆಯಿರಿ ಎಂದು ಓಡಿಸಬೇಡಿ. ಪಕ್ಕದವರು ಸರಕ್ಕನೆ ತೆಗೆಯುತ್ತಾರೆ, ಹೊಸಬರು ಪುಟ ತಿರುವುತ್ತಾ ಕೂರುತ್ತಾರೆ. ಆ ಮುಜುಗರಕ್ಕೇ ಮುಂದಿನ ವಾರ ಬಾರದಿರಬಹುದು. ವಚನಭಾಗವನ್ನು ಪಾಠದಲ್ಲೇ ಅಚ್ಚು ಹಾಕಿಸಿದರೆ ಒಳ್ಳೆಯದು. ಆದರೆ ಅನುವಾದಗಳಿಗೆ ಹಕ್ಕುಸ್ವಾಮ್ಯ ಇರುತ್ತದೆ, ಪ್ರಕಾಶಕರನ್ನು ಮೊದಲೇ ಕೇಳಿ.

ಪಾಠಗಳನ್ನು ಅಧ್ಯಾಯಕ್ಕೆ ತಕ್ಕಂತೆ ಕತ್ತರಿಸಬೇಡಿ. ಅಧ್ಯಾಯಗಳ ಗೆರೆ ಬಂದದ್ದು 13ನೇ ಶತಮಾನದಲ್ಲಿ, ಹೊಸ ಒಡಂಬಡಿಕೆಗೆ ಈಗಿನ ವಚನದ ಸಂಖ್ಯೆ 1551ರಲ್ಲಿ. ಕೆಲವು ಕಡೆ ಮಾತಿನ ನಡುವೆಯೇ ಗೆರೆ ಬಿದ್ದಿದೆ. ಮಾರ್ಕ 9:1 ನಿಜಕ್ಕೂ ಎಂಟನೇ ಅಧ್ಯಾಯದ ಕೊನೆಯ ಮಾತು. ಹಾಗೆಯೇ 5:21-43 ಉದ್ದವಾಯಿತೆಂದು ಎರಡು ಪಾಠ ಮಾಡಬೇಡಿ. ಯಾಯೀರನ ಮಗಳ ಕಥೆಯ ಹೊಟ್ಟೆಯೊಳಗೆ ರಕ್ತಸ್ರಾವದ ಹೆಂಗಸಿನ ಕಥೆಯನ್ನು ಮಾರ್ಕ ಬೇಕೆಂದೇ ಇಟ್ಟಿದ್ದಾನೆ. ಹುಡುಗಿಗೆ 12 ವರ್ಷ, ಹೆಂಗಸಿನ ಕಾಯಿಲೆಗೂ 12 ವರ್ಷ. ಒಟ್ಟಿಗೆ ಓದಿದರೆ ಮಾತ್ರ ಇದು ಕಾಣುತ್ತದೆ. ಮಗಳು ಸಾಯುತ್ತಿರುವಾಗ ದಾರಿಯಲ್ಲಿ ನಿಂತು ಕಾಯುತ್ತಿರುವ ಯಾಯೀರನ ಸಂಕಟವೂ ಆಗಲೇ ಮುಟ್ಟುವುದು.

ಎಂಟು ವಾರ ಸಾಕು. 8:27-30ಕ್ಕೆ ನಿಲ್ಲಿಸಿ. ಅಲ್ಲಿ ಯೇಸು, ನನ್ನನ್ನು ಯಾರು ಅನ್ನುತ್ತೀರಿ ಎಂದು ಶಿಷ್ಯರನ್ನು ಕೇಳುತ್ತಾನೆ. ಪೇತ್ರ ಉತ್ತರ ಕೊಡುತ್ತಾನೆ. ನಿಮ್ಮ ಗುಂಪಿಗೂ ಆ ಹೊತ್ತಿಗೆ ಉತ್ತರಿಸಲು ಏನಾದರೂ ಇರುತ್ತದೆ. ಉಳಿದರ್ಧ ಎರಡನೇ ಪುಸ್ತಿಕೆಗೆ ಇರಲಿ. ಅದನ್ನು ಬರೆಯುವಾಗ 16:9-20ರ ವಿಷಯ ಮುಚ್ಚಿಡಬೇಡಿ. ನಾಲ್ಕನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳು, ಸಿನಾಯಿಟಿಕಸ್ ಮತ್ತು ವ್ಯಾಟಿಕನಸ್, 16:8ಕ್ಕೇ ಮುಗಿಯುತ್ತವೆ. ಹೊಸಬರು ಇದನ್ನು ಮೊಬೈಲಿನಲ್ಲಿ ಹೇಗೂ ನೋಡುತ್ತಾರೆ. ಎರಡು ಸಾಲಿನಲ್ಲಿ ನೀವೇ ಮೊದಲು ಹೇಳಿಬಿಡಿ.