ಟೇಬಲ್ ಸಾ, ಪ್ಲೇನರ್, ಸ್ಯಾಂಡರ್ ಇರುವ ಸಣ್ಣ ವರ್ಕ್‌ಶಾಪ್‌ಗೆ ಎಷ್ಟು ಎಚ್‌ಪಿ ಡಸ್ಟ್ ಕಲೆಕ್ಟರ್ ಬೇಕು?

ನಾನೂ ದಾವಣಗೆರೆಯವನೇ, ಬಾಗಿಲು, ಕಿಟಕಿ, ಕಿಚನ್ ಕೆಲಸ ಮಾಡುತ್ತೇನೆ. ನೀವು ಕೇಳಿದ ಹಾಗೆ ನಾನೂ ಮೊದಲು ಎಚ್‌ಪಿ ಕೇಳಿಯೇ 1 ಎಚ್‌ಪಿಯ ಬಟ್ಟೆ ಚೀಲದ ಮಷಿನ್ ತಂದಿದ್ದೆ. ಪ್ಲೇನರ್ ಸಿಪ್ಪೆ ಚೆನ್ನಾಗಿ ಎಳೆಯುತ್ತಿತ್ತು, ನೆಲವೂ ಚೊಕ್ಕ. ಆದರೆ ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಬಿದ್ದಾಗ ನೋಡಿದರೆ ಚೀಲದ ಸುತ್ತ ಹೊಗೆಯಂತೆ ಧೂಳು. ದಪ್ಪ ಹೊಟ್ಟನ್ನು ಹಿಡಿದಿಟ್ಟು, ನುಣ್ಣನೆ ಧೂಳನ್ನು ಜರಡಿ ಹಿಡಿದ ಹಾಗೆ ನಮ್ಮ ಮೂಗಿಗೆ ಬಿಡುತ್ತಿತ್ತು.

ಶ್ವಾಸಕೋಶದ ಆಳಕ್ಕೆ ಇಳಿಯುವುದು ಆ ನುಣ್ಣನೆ ಧೂಳೇ. ಮರದ ಧೂಳಿನಿಂದ ಮೂಗಿನ ಒಳಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ. ನಮ್ಮ ದೊಡ್ಡಪ್ಪ ಇಲ್ಲಿಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ರಜೆ ಮುಗಿಸಿ ಸೋಮವಾರ ಒಳಗೆ ಹೋದರೆ ಹತ್ತಿ ಧೂಳಿಗೆ ಎದೆ ಬಿಗಿಯುತ್ತದೆ ಅನ್ನುತ್ತಿದ್ದರು. ನಮ್ಮ ಹುಡುಗರಿಗೆ ಅಂಥ ಧೂಳಿನ ಕಾಯಿಲೆ ಬರಬಾರದು ಅಲ್ವಾ? ಹಾಗಾಗಿ ಚೀಲ ತೆಗೆದು 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಾರ್ಟ್ರಿಜ್ ಫಿಲ್ಟರ್ ಹಾಕಿದೆ. ಅದರ ಮುಂದೆ, ಗಾಳಿಯನ್ನು ಸುತ್ತಿಸಿ ಹೊಟ್ಟನ್ನು ಬೇರ್ಪಡಿಸುವ ಒಂದು ಸೈಕ್ಲೋನ್ ಇಟ್ಟೆ. ಹೊಟ್ಟೆಲ್ಲ ಅದರ ಡ್ರಮ್ಮಿಗೇ ಬೀಳುತ್ತದೆ, ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ.

ಈಗ ಅಳತೆ. ಹೊಟ್ಟು ಪೈಪಿನಲ್ಲಿ ಕೂರದೆ ಹೋಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡಬೇಕು. ಆ ಲೆಕ್ಕಕ್ಕೆ 4 ಇಂಚಿನ ಪೈಪಿಗೆ ಸುಮಾರು 340 ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಲೆಕ್ಕ), 6 ಇಂಚಿಗೆ 770 ಬೇಕು. ಟೇಬಲ್ ಸಾಗೆ 4 ಇಂಚು ನಡೆಯುತ್ತದೆ, ದೊಡ್ಡ ಪ್ಲೇನರ್‌ಗೆ 5–6 ಇಂಚು ಬೇಕಾಗುತ್ತದೆ. ಡಬ್ಬದ ಮೇಲೆ ಬರೆದ ಸಿಎಫ್‌ಎಂ ಸಾಮಾನ್ಯವಾಗಿ ಪೈಪ್, ಫಿಲ್ಟರ್ ಏನೂ ಇಲ್ಲದೆ ಅಳೆದದ್ದು. ಪೈಪ್ ಕೂಡಿಸಿದರೆ ತುಂಬಾ ಇಳಿಯುತ್ತದೆ. ಅದಕ್ಕೇ ಅಂಗಡಿಯಲ್ಲಿ ಫ್ಯಾನ್ ಕರ್ವ್ ಕೇಳಿ, ಅಂದರೆ ತಡೆ ಹೆಚ್ಚಿದಂತೆ ಗಾಳಿ ಎಷ್ಟು ಇಳಿಯುತ್ತದೆ ಎಂದು ತೋರಿಸುವ ನಕ್ಷೆ. ಕೊಡದವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ. ಒಂದು ಸಲಕ್ಕೆ ಒಂದೇ ಮಷಿನ್ ಓಡಿಸಿ, ಉಳಿದವುಗಳ ಪೈಪಿನ ಗೇಟ್ ಮುಚ್ಚಿದರೆ 3 ಎಚ್‌ಪಿ, ತ್ರೀ ಫೇಸ್ ಸಾಕು ಅನ್ನಿಸುತ್ತದೆ. ಸುರುಳಿ ಹೋಸ್ ಮಷಿನ್ ಹತ್ತಿರ ಒಂದು ಮೀಟರ್ ಮಾತ್ರ ಇರಲಿ, ಮಿಕ್ಕಿದ್ದೆಲ್ಲ ನುಣುಪಾದ ತಗಡಿನ ಪೈಪ್. ನಾನು ಸುಮ್ನೆ ಉದ್ದಕ್ಕೂ ಹೋಸ್ ಎಳೆದು ಅರ್ಧ ಎಳೆತ ಕಳೆದುಕೊಂಡಿದ್ದೆ.

ಸ್ಯಾಂಡರ್ ಬೇರೆ ಕಥೆ. ಅದರ ಬಾಯಿ ಸಣ್ಣದು, ದೊಡ್ಡ ಕಲೆಕ್ಟರ್‌ಗೆ ಪೈಪ್ ಸಣ್ಣ ಮಾಡುವ ರಿಡ್ಯೂಸರ್ ಹಾಕಿದರೆ ಗಾಳಿ ಸಾಲುವುದಿಲ್ಲ. ಅದಕ್ಕೆ ಎಳೆತ ಜಾಸ್ತಿ ಇರುವ ಎಂ ಕ್ಲಾಸ್ (ಧೂಳು ತಡೆಯುವ ಒಂದು ದರ್ಜೆ) ವ್ಯಾಕ್ಯೂಮ್ ತೆಗೆದುಕೊಳ್ಳಿ. ಅದರ ಫಿಲ್ಟರ್ 0.1 ಶೇಕಡಾಕ್ಕಿಂತ ಜಾಸ್ತಿ ಧೂಳು ಬಿಡುವಂತಿಲ್ಲ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಉಜ್ಜುವವರಿಗಂತೂ ಇದು ಬೇಕೇ ಬೇಕು.

ಕಬ್ಬಿಣದ ಗ್ರೈಂಡರನ್ನು ಮಾತ್ರ ಮರದ ಕಲೆಕ್ಟರ್‌ಗೆ ಯಾವತ್ತೂ ಸೇರಿಸಬೇಡಿ. ಒಂದು ಕಿಡಿ ಹೊಟ್ಟಿಗೆ ಬಿದ್ದರೆ ಒಳಗೊಳಗೇ ಹೊಗೆಯಾಡಿ, ನೀವು ಬೀಗ ಹಾಕಿ ಹೋದ ಮೇಲೆ ಬೆಂಕಿ ಏಳಬಹುದು.

ಪ್ಲೇನರ್‌ನಿಂದ ಕಲೆಕ್ಟರ್ ಇಡುವ ಜಾಗಕ್ಕೆ ಎಷ್ಟು ಅಡಿ, ಎಷ್ಟು ತಿರುವು ಎಂದು ಬರೆಯಿರಿ. ಪೈಪಿನ ಲೆಕ್ಕ ಹಾಕಿಕೊಡುತ್ತೇನೆ.