ಹಳೆಯ ಸ್ಕ್ಯಾನರ್‌ಗೆ ವಿಂಡೋಸ್ 11ರಲ್ಲಿ ಡ್ರೈವರ್ ಇಲ್ಲ. ಎಸೆಯುವುದೊಂದೇ ದಾರಿನಾ?

ದಯವಿಟ್ಟು ಎಸೆಯಬೇಡಿ. ಸ್ಕ್ಯಾನರ್ ವಿಂಡೋಸ್ ಎಕ್ಸ್‌ಪಿ ಕಾಲದ್ದು, ಸಿಡಿಯ ಡ್ರೈವರ್ ಇನ್‌ಸ್ಟಾಲ್ ಆಗುತ್ತಿಲ್ಲ ಎಂದಿದ್ದೀರಿ. ಹಾಗಿದ್ದರೆ ಕೆಟ್ಟಿರುವುದು ಸ್ಕ್ಯಾನರ್ ಅಲ್ಲ. ಆ ಕಾಲದ ಡ್ರೈವರ್‌ಗಳು ಹೆಚ್ಚಾಗಿ 32 ಬಿಟ್‌ನವು, ವಿಂಡೋಸ್ 11 ಬರೀ 64 ಬಿಟ್. 32 ಬಿಟ್ ಪ್ರೋಗ್ರಾಂ ಅದರಲ್ಲಿ ಓಡುತ್ತದೆ, ಡ್ರೈವರ್ ಮಾತ್ರ ಓಡುವುದಿಲ್ಲ. ಹಳೆಯ ವಿಂಡೋಸ್‌ನಂತೆ ನಡೆಸುವ ಕಂಪ್ಯಾಟಿಬಿಲಿಟಿ ಮೋಡ್ ಹಾಕಿಕೊಂಡು ಸುಮ್ನೆ ದಿನ ಕಳೆಯಬೇಡಿ.

ನನಗೂ ಇದೇ ಆಗಿತ್ತು. ಅಜ್ಜ ತಾಳಮದ್ದಳೆಗೆಂದು ಬರೆದಿಟ್ಟಿದ್ದ ಎರಡು ನೋಟ್‌ಬುಕ್ ಇದ್ದವು. ಹಾಳೆಯ ಅಂಚು ಮುಟ್ಟಿದರೆ ಪುಡಿಯಾಗುತ್ತಿತ್ತು. ಫೋನಿನಲ್ಲಿ ತೆಗೆದರೆ ಮಡಿಕೆಯ ಹತ್ತಿರ ಅಕ್ಷರ ಸೊಟ್ಟಗಾಗುತ್ತಿತ್ತು. ಮನೆಯಲ್ಲಿದ್ದ ಹಳೆಯ ಫ್ಲಾಟ್‌ಬೆಡ್ ಸ್ಕ್ಯಾನರೇ ಬೇಕಾಯಿತು.

ನಾನು ಹಿಡಿದದ್ದು ಲಿನಕ್ಸ್ ದಾರಿ, ಅಂದರೆ ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ. ಅಲ್ಲಿ ಸೇನ್ (SANE) ಎಂಬ ಉಚಿತ ತಂತ್ರಾಂಶವಿದೆ. ಕಂಪನಿಗಳು ಕೈಬಿಟ್ಟ ಎಷ್ಟೋ ಸ್ಕ್ಯಾನರ್‌ಗಳನ್ನು ಅದು ಇವತ್ತಿಗೂ ನಡೆಸುತ್ತದೆ. ಉಬುಂಟು ಎಂಬ ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ನೋಡಬಹುದು, ನಿಮ್ಮ ವಿಂಡೋಸ್ ಇದ್ದ ಹಾಗೇ ಇರುತ್ತದೆ. ಸ್ಕ್ಯಾನರ್ ಜೋಡಿಸಿ, ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಯುಎಸ್‌ಬಿ' (lsusb) ಕಮಾಂಡ್ ಕೊಡಿ. ಸ್ಕ್ಯಾನರಿನ ಸಾಲಿನಲ್ಲಿ ನಾಲ್ಕು ಅಂಕಿ, ನಡುವೆ ಎರಡು ಚುಕ್ಕಿ (:), ಮತ್ತೆ ನಾಲ್ಕು ಅಂಕಿ ಕಾಣುತ್ತದೆ (ಕೆಲವು ಕಡೆ ಅಂಕಿಯ ಬದಲು ಅಕ್ಷರ ಇರಬಹುದು). ಸೇನ್ ನಡೆಸುವ ಸ್ಕ್ಯಾನರ್‌ಗಳ ಪಟ್ಟಿಯಲ್ಲಿ ಇದನ್ನೇ ಹುಡುಕಿ. ಡಬ್ಬದ ಮೇಲಿನ ಹೆಸರು ನಂಬಬೇಡಿ, ಹೆಸರು ಹೆಚ್ಚುಕಡಿಮೆ ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು.

ನಾನು ಎರಡು ಸಂಜೆ ಒದ್ದಾಡಿದ್ದು ಇದರ ನಂತರ. ಸೇನ್‌ನ 'ಸ್ಕ್ಯಾನ್‌ಇಮೇಜ್' (scanimage) ಕಮಾಂಡ್ ಸ್ಕ್ಯಾನರ್ ಹೆಸರು ತೋರಿಸುತ್ತಿತ್ತು, ಸ್ಕ್ಯಾನ್ ಮಾಡು ಎಂದರೆ ಫರ್ಮ್‌ವೇರ್ ಫೈಲ್ ಇಲ್ಲ ಎನ್ನುತ್ತಿತ್ತು. ಜಿಟಿ68ಎಕ್ಸ್‌ಎಕ್ಸ್ (gt68xx) ಬ್ಯಾಕೆಂಡ್, ಅಂದರೆ ಸೇನ್ ಒಳಗಿನ ಆ ಹೆಸರಿನ ಡ್ರೈವರ್, ಬಳಸುವ ಹೆಚ್ಚಿನ ಸ್ಕ್ಯಾನರ್‌ಗಳ ಗುಣವೇ ಹೀಗೆ. ಕರೆಂಟ್ ಹೋದರೆ ಅವಕ್ಕೆ ತಮ್ಮ ಕೆಲಸವೇ ಮರೆತುಹೋಗುತ್ತದೆ. ಪ್ರತಿ ಸಲ ಕಂಪ್ಯೂಟರೇ ಒಂದು ಸಣ್ಣ ಫೈಲ್ ಕಳಿಸಿ ನೆನಪಿಸಬೇಕು. ಆ ಫೈಲ್ ಇನ್‌ಸ್ಟಾಲ್ ಆಗದ ನಿಮ್ಮ ಆ ಡ್ರೈವರ್ ಸಿಡಿಯಲ್ಲೇ ಇರುತ್ತದೆ! ಹೆಸರಿನ ಕೊನೆಯಲ್ಲಿ 'ಡಾಟ್ ಯುಎಸ್‌ಬಿ' (.usb) ಇರುವುದನ್ನು ಹುಡುಕಿ, ಎರರ್ ಮೆಸೇಜ್ ಹೇಳುವ ಫೋಲ್ಡರಿಗೆ ಹಾಕಿ. ಹಾಕಿ ಮತ್ತೆ ಸ್ಕ್ಯಾನ್ ಮಾಡು ಎಂದ ತಕ್ಷಣ ನನ್ನ ಸ್ಕ್ಯಾನರಿನ ದೀಪ ಹತ್ತಿ, ಒಳಗಿನ ಸ್ಕ್ಯಾನ್ ಹೆಡ್ ನಿಧಾನಕ್ಕೆ ಸರಿಯತೊಡಗಿತು. ಅಮ್ಮನನ್ನು ಕೂಗಿ ಕರೆದಿದ್ದೆ.

ಕಮಾಂಡ್ ಮುಂದೆ ಸುಡೋ (sudo, ಅಡ್ಮಿನ್ ಅಧಿಕಾರ) ಕೊಟ್ಟಾಗ ಮಾತ್ರ ನಡೆಯುತ್ತಿದ್ದರೆ ಅದು ಬರೀ ಪರ್ಮಿಷನ್ ತೊಂದರೆ. ಕರಕರ ಸದ್ದು ಬಂದರೆ ಸ್ಕ್ಯಾನರಿನ ಅಡಿಭಾಗ ನೋಡಿ, ಸಾಗಾಟದ ಲಾಕ್ ಹಾಕಿಯೇ ಇರಬಹುದು.

ಲಿನಕ್ಸ್ ಬೇಡವೇ ಬೇಡ ಎಂದರೆ ವಿಂಡೋಸ್‌ನಲ್ಲಿ ವ್ಯೂಸ್ಕ್ಯಾನ್ (VueScan) ಎಂಬ ಸ್ಕ್ಯಾನಿಂಗ್ ತಂತ್ರಾಂಶ ಇದೆ. ಹಣ ಕೊಡಬೇಕು. ಮೊದಲು ಟ್ರಯಲ್ ಹಾಕಿ, ನಿಮ್ಮ ಮಾಡೆಲ್ ನಡೆಯುತ್ತದಾ ನೋಡಿಕೊಳ್ಳಿ.

ಕನ್ನಡ ಪುಸ್ತಕ ಸ್ಕ್ಯಾನ್ ಮಾಡುವುದಾದರೆ 300 ಡಿಪಿಐಗಿಂತ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಕೆಳಗಿಳಿಯಬೇಡಿ. ಆಮೇಲೆ ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶದಲ್ಲಿ ಅಕ್ಷರ ತೆಗೆಯುವಾಗ ಮೊದಲು ಕೈಕೊಡುವುದು ಒತ್ತಕ್ಷರಗಳೇ.

ಆ ನಾಲ್ಕು-ನಾಲ್ಕು ಅಂಕಿ ಇಲ್ಲಿ ಬರೆಯಿರಿ, ಯಾವ ಬ್ಯಾಕೆಂಡ್ ಎಂದು ನಾನೂ ಹುಡುಕಿ ಹೇಳುತ್ತೇನೆ.